ಬ್ಯಾಟರಿ ಗರಗಸ: ಕೊಂಬೆಗೆ ಮುಂಚೆ ಲೆಕ್ಕ

(ಗುಬ್ಬಿ ತಾಲ್ಲೂಕಿನ ರೈತರ ಕೂಟವೊಂದರಲ್ಲಿ ಆಡಿದ ಮಾತುಗಳು. ಅಂದು ಬರಲಾಗದವರಿಗಾಗಿ ಬರೆದು ಕೊಟ್ಟಿದೆ.)



ಬೆಲೆ ಮತ್ತು ಸಾಲದ ವಿಚಾರ ಮಾತಾಡ್ತಾನೆ ಅಂತ ನನ್ನನ್ನು ಕರೆದಿದ್ದೀರಿ. ಅದನ್ನೇ ಮಾತಾಡ್ತೀನಿ. ಆದರೆ ಇವತ್ತು ದಿಲ್ಲಿ, ವಿಧಾನಸೌಧ ಅಂತ ದೂರ ಹೋಗೋದು ಬೇಡ. ಒಂದು ಸಣ್ಣ ಗರಗಸದಿಂದ ಶುರು ಮಾಡೋಣ.

ತುಮಕೂರಿನ ಅಂಗಡಿ ಬೀದಿಯಲ್ಲಿ ನೀವು ನೋಡಿರಬಹುದು. ಇಲ್ಲವಾದರೆ ಮಗನ ಮೊಬೈಲಿನಲ್ಲಿ ನೋಡಿದ್ದೀರಿ. ಒಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಚೈನ್ ಗರಗಸ. ಹಿಡಿಕೆಯ ಕೆಳಗೆ ಬ್ಯಾಟರಿ, ಮುಂದೆ ನಾಲ್ಕು ಇಂಚಿನದೋ ಆರು ಇಂಚಿನದೋ ಪಟ್ಟಿ, ಪಟ್ಟಿಯ ಸುತ್ತ ಹಲ್ಲಿನ ಚೈನು. ಬ್ಯಾಟರಿ ಸೇರಿ ಒಂದೂವರೆ ಕೆ.ಜಿ. ಆಸುಪಾಸು. ಪೆಟ್ರೋಲ್ ಇಲ್ಲ, ವೈರು ಇಲ್ಲ, ಹಗ್ಗ ಎಳೆಯೋದಿಲ್ಲ. ಗುಂಡಿ ಒತ್ತಿದರೆ ಕೊಂಬೆ ಕೆಳಗೆ. ಮೊಬೈಲಿನಲ್ಲಿ ನೋಡಿದರೆ ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತೆ.

ಇದು ಬೇಕಾ, ಬೇಡವಾ ಅಂತ ಬಹಳ ಜನ ಕೇಳಿದ್ದಾರೆ. ನಾನು ಯಂತ್ರದ ವಿರೋಧಿ ಅಲ್ಲ. ಮರ ಹತ್ತಿ ಕೊಂಬೆ ಸವರೋ ಆಳು ಇವತ್ತು ಯಾವ ಊರಲ್ಲಿ ಸಿಗ್ತಾನೆ ಹೇಳಿ? ಹುಡುಗರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗ್ತಾರೆ. ಬದುವಿನ ಮೇಲಿನ ಹೊಂಗೆ, ಬೇವು ಬೆಳೆದು ನೆರಳು ಬಿದ್ದರೆ ಅಷ್ಟುದ್ದಕ್ಕೆ ರಾಗಿ ಸೊರಗುತ್ತೆ, ಪಕ್ಕದ ಹೊಲದವನ ಜೊತೆ ಜಗಳ ಬೇರೆ. ಬೇಲಿಯ ಗ್ಲಿರಿಸಿಡಿಯ ಸವರಿ ತೋಟಕ್ಕೆ ಹಾಕಿದರೆ ಗೊಬ್ಬರ, ಬಿಟ್ಟರೆ ಕಾಡು. ಈ ಕೆಲಸವೆಲ್ಲ ಎಲ್ಲರಿಗೂ ಒಂದೇ ಹದಿನೈದು ದಿನದಲ್ಲಿ ಬರುತ್ತೆ. ಅರವತ್ತರ ಮುದುಕ ಮಚ್ಚು ಹಿಡಿದು ಮರ ಹತ್ತೋದಕ್ಕಿಂತ ನೆಲದ ಮೇಲೆ ನಿಂತು ಇಂಥ ಗರಗಸದಲ್ಲಿ ಕೊಯ್ಯೋದು ಒಳ್ಳೆಯದು. ಅದರಲ್ಲಿ ಅನುಮಾನ ಇಲ್ಲ. ಅನುಮಾನ ಇರೋದು ಮಾರುವವನ ಮಾತಿನಲ್ಲಿ, ಮತ್ತೆ ನಮ್ಮ ಜೇಬಿನಲ್ಲಿ.

ಈ ಯಂತ್ರದ ಹಿಂದಿನ ಕತೆ ಎರಡು ಮಾತಿನಲ್ಲಿ ಹೇಳಿಬಿಡ್ತೀನಿ. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಅನ್ನುವವರು ಕರೆಂಟಿನ ಚೈನ್ ಗರಗಸ ಮಾಡಿದಾಗ ಅದರ ತೂಕ 64 ಕೆ.ಜಿ., ಹಿಡಿಯೋಕೆ ಇಬ್ಬರು ಬೇಕಿತ್ತು. ಇವತ್ತಿನ ಚೈನಿನ ಹಲ್ಲು ಬಂದದ್ದು ಒಂದು ಹುಳುವಿನಿಂದ. 1946ರಲ್ಲಿ ಅಮೆರಿಕದ ಜೋ ಕಾಕ್ಸ್ ಅನ್ನುವ ಮರ ಕಡಿಯುವವನು ಮರದ ಬೊಡ್ಡೆ ಕೊರೆಯುವ ಹುಳುವನ್ನು ಕೂತು ನೋಡಿದ. ನಮ್ಮ ಮಾವಿನ ಕಾಂಡದಲ್ಲಿ ಸಿಗುತ್ತಲ್ಲ, ಅಂಥದೇ ಒಂದು. ಅದು ಎಡಕ್ಕೊಂದು ಬಲಕ್ಕೊಂದು ಕಚ್ಚಿ ದಾರಿ ಮಾಡೋದನ್ನು ಕಂಡು ಅದೇ ರೀತಿ ಎಡಬಲ ಹಲ್ಲಿನ ಚೈನು ಮಾಡಿ 1947ರಲ್ಲಿ ಮಾರಾಟಕ್ಕೆ ಬಿಟ್ಟ. ಲಿಥಿಯಂ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. 64 ಕೆ.ಜಿ. ಒಂದೂವರೆ ಕೆ.ಜಿ.ಗೆ ಇಳಿದದ್ದು ಹೀಗೆ.

ಈಗ ಮೋಸದ ವಿಚಾರಕ್ಕೆ ಬರೋಣ. ಇದನ್ನು ಗಮನ ಇಟ್ಟು ಓದಿ.

ಅಗ್ಗದ ಗರಗಸದ ಡಬ್ಬಿ ಮೇಲೆ 21 ವೋಲ್ಟ್, 36 ವೋಲ್ಟ್, 48 ವೋಲ್ಟ್, ಇನ್ನೂ ಮುಂದೆ ಹೋಗಿ 88 ವಿ.ಎಫ್. ಅಂತ ಬರೆದಿರ್ತಾರೆ. ನಾವು ಏನು ತಿಳಿಯುತ್ತೀವಿ? ನಂಬರು ದೊಡ್ಡದಾದಷ್ಟು ಶಕ್ತಿ ಜಾಸ್ತಿ, ಪಂಪ್‌ಸೆಟ್ಟಿನ ಎಚ್.ಪಿ. ಇದ್ದ ಹಾಗೆ, ಅಂತ. ಆ ಬ್ಯಾಟರಿ ಬಿಚ್ಚಿ ನೋಡಿದರೆ ಒಳಗೆ ಬೆರಳು ಗಾತ್ರದ ಸೆಲ್ಲುಗಳು, ಸಾಲಾಗಿ ಐದು. ಲಿಥಿಯಂ ಸೆಲ್ಲು ಒಂದಕ್ಕೆ ಸಾಮಾನ್ಯ ಲೆಕ್ಕದಲ್ಲಿ 3.6 ವೋಲ್ಟು, ಚಾರ್ಜ್ ತುಂಬಿದಾಗ 4.2 ವೋಲ್ಟು. ಐದು ಸೆಲ್ಲಿಗೆ 18 ವೋಲ್ಟು, ತುಂಬಿದಾಗ 21. ಹಾಗಾಗಿ ಒಬ್ಬ 18 ಅಂತ ಬರೆದಿದ್ದು, ಇನ್ನೊಬ್ಬ 20 ಅಂತಲೋ 21 ಅಂತಲೋ ಬರೆದಿದ್ದರೆ ಎರಡೂ ಒಂದೇ ಬ್ಯಾಟರಿ, ಅದು ಮೋಸ ಅಲ್ಲ. ಆದರೆ ಐದು ಸೆಲ್ಲಿನಿಂದ 48 ವೋಲ್ಟು ಎಲ್ಲಿಂದ ಬಂತು? ಇನ್ನು 88 ವಿ.ಎಫ್.? ವೋಲ್ಟಿನ ಮುಂದೆ ‘ಎಫ್’ ಸೇರಿಸಿದರೆ ಅದು ವೋಲ್ಟೇ ಅಲ್ಲ, ಬರೀ ಅಕ್ಷರ. ಯಾವ ಅಳತೆಯೂ ಅಲ್ಲ. ಮಂಡಿಯಲ್ಲಿ ನಮ್ಮ ಕಾಯಿಗೆ ಸೂಟು ಮುರಿದುಕೊಳ್ಳೋದು ಒಂದು ಕಡೆ, ಇಲ್ಲಿ ನಮಗೆ ಮಾರುವಾಗ ಇಲ್ಲದ್ದನ್ನು ಸೇರಿಸೋದು ಇನ್ನೊಂದು ಕಡೆ. ಎರಡರಲ್ಲೂ ತೂಕ ತಪ್ಪೋದು ನಮ್ಮ ಕಡೆಗೇ.

ಹಾಗಾದರೆ ನೋಡಬೇಕಾದ್ದು ಏನು? ವೋಲ್ಟನ್ನು ಆಂಪಿಯರ್ ಅವರಿನಿಂದ ಗುಣಿಸಿ. 18 ವೋಲ್ಟಿನ 2 ಆಂಪಿಯರ್ ಅವರ್ ಬ್ಯಾಟರಿ ಅಂದರೆ 36 ವ್ಯಾಟ್ ಅವರ್. ಇದು ಬ್ಯಾಟರಿಯ ಹೊಟ್ಟೆ. ನಮ್ಮ ಕರೆಂಟು ಬಿಲ್ಲಿನ ಒಂದು ಯೂನಿಟ್ ಅಂದರೆ 1,000 ವ್ಯಾಟ್ ಅವರ್, ಅಂದರೆ ಒಂದು ಯೂನಿಟ್ಟಿನಲ್ಲಿ ಇಂಥ ಬ್ಯಾಟರಿ ಇಪ್ಪತ್ತೈದು ಸಲವಾದರೂ ತುಂಬಬಹುದು. ಕರೆಂಟಿನ ಖರ್ಚು ಲೆಕ್ಕಕ್ಕೇ ಇಲ್ಲ. ಆದರೆ ಕೊಯ್ಯುವಾಗ ಮೋಟಾರು ಸುಮಾರು 300 ವ್ಯಾಟ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. 36 ವ್ಯಾಟ್ ಅವರ್ ಎಷ್ಟು ಹೊತ್ತು ಬರುತ್ತೆ? ಏಳು ನಿಮಿಷ ಚಿಲ್ಲರೆ. ಮೂರು ಇಂಚಿನ ಕೊಂಬೆಗೆ ಹತ್ತು ಸೆಕೆಂಡು ಹಿಡಿದರೆ ನಲವತ್ತು ಕೊಂಬೆ. ಹಸಿ ಬೇವು ಬೇರೆ, ಒಣಗಿದ ಹುಣಸೆ ಬೇರೆ, ಗಟ್ಟಿ ಮರಕ್ಕೆ ಇನ್ನೂ ಕಮ್ಮಿ ಬರುತ್ತೆ. ಜಾಹೀರಾತಿನಲ್ಲಿ ಇಡೀ ದಿನ ಕೊಯ್ಯುತ್ತೆ ಅನ್ನುವವನಿಗೆ ಈ ಲೆಕ್ಕ ಕೇಳಿ, ಉತ್ತರ ಹೇಳಲಿ.

ಇನ್ನೊಂದು ಪರೀಕ್ಷೆ ನಮ್ಮ ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿರೋದೇ: ತಕ್ಕಡಿ. ಸಾಮಾನ್ಯವಾಗಿ ಹಾಕುವ ಸೆಲ್ಲು ಒಂದಕ್ಕೆ 45 ಗ್ರಾಂ ಆಸುಪಾಸು ತೂಕ. ಐದಕ್ಕೆ ಕಾಲು ಕೆ.ಜಿ.ಗೆ ಸ್ವಲ್ಪ ಕಮ್ಮಿ, ಹತ್ತಕ್ಕೆ ಅರ್ಧ ಕೆ.ಜಿ.ಗೆ ಸ್ವಲ್ಪ ಕಮ್ಮಿ, ಅದರ ಮೇಲೆ ಪ್ಲಾಸ್ಟಿಕ್ಕಿನ ತೂಕ. ಮೇಲೆ 4 ಆಂಪಿಯರ್ ಅವರ್ ಅಂತ ಬರೆದು, ಬ್ಯಾಟರಿ ಬಿಚ್ಚಿ ತೂಗಿದರೆ ಕಾಲು ಕೆ.ಜಿ. ಚಿಲ್ಲರೆ ಬಂತು ಅಂದರೆ ವಾಪಸ್ಸು ಕೊಟ್ಟು ಬನ್ನಿ. ಒಳಗೆ ಇರದ ಸೆಲ್ಲಿಗೆ ದುಡ್ಡು ಕೊಡಬೇಡಿ. ಗರಗಸ ನೋಡುವ ಮುಂಚೆಯೇ ಇನ್ನೊಂದು ಪ್ರಶ್ನೆ ಕೇಳಿ: ಈ ಬ್ಯಾಟರಿ ಒಂದನ್ನೇ ಬೇರೆಯಾಗಿ ಕೊಡ್ತೀಯಾ, ಎಷ್ಟು? ಚೈನು ಎಷ್ಟು? ಅಂಗಡಿಯವನು ತಲೆ ಕೆರೆದುಕೊಂಡರೆ ಆ ಗರಗಸ ಒಂದು ಬ್ಯಾಟರಿಯ ಆಯುಸ್ಸಿನ ಗರಗಸ. ಅಷ್ಟೇ.

ಬಿಲ್ಲು ಕೇಳಿ. “ಬಿಲ್ಲಿಲ್ಲದೆ ಕೊಟ್ಟರೆ ಇನ್ನೂರು ರೂಪಾಯಿ ಕಮ್ಮಿ” ಅಂತಾರೆ, ನಾವು ಖುಷಿ ಪಡ್ತೀವಿ. ಬರೆದದ್ದೊಂದು, ಕೊಟ್ಟದ್ದೊಂದು ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. 1915ಕ್ಕೆ ಫೋನು ಮಾಡಿದರೂ ದೂರು ಬರೆದುಕೊಳ್ತಾರೆ. ಬಿಲ್ಲು ಇಲ್ಲದಿದ್ದರೆ ಇದು ಯಾವುದೂ ನಡೆಯೋದು ಕಷ್ಟ.

ಈಗ ಬೆಲೆ. ಎರಡೂವರೆ ಮೂರು ಸಾವಿರಕ್ಕೂ ಸಿಗುತ್ತೆ, ಹೆಸರಾದ ಕಂಪನಿಯದು ಹತ್ತು ಸಾವಿರ ದಾಟುತ್ತೆ. ಕಂಪನಿ ಹೆಸರು ನಾನು ಹೇಳೋದಿಲ್ಲ, ಈ ಪತ್ರಿಕೆ ಜಾಹೀರಾತಿನ ಹಲಗೆ ಅಲ್ಲ. ನಡುವಿನದು ಒಂದು ಆರು ಸಾವಿರ ಅಂತ ಇಟ್ಟುಕೊಳ್ಳೋಣ. ಅದನ್ನು ರೂಪಾಯಿಯಲ್ಲಿ ಅಲ್ಲ, ನಮ್ಮ ಬೆಳೆಯಲ್ಲಿ ಅಳೆಯಿರಿ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಈ ಗರಗಸ ಅರ್ಧ ಕ್ವಿಂಟಾಲು ಕೊಬ್ಬರಿ. ಕಾಯಿ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷ ಕೂತು, ಇಲಿಗೆ, ಕೊಳೆತಕ್ಕೆ ಹೋಗಿ ಉಳಿದದ್ದರಲ್ಲಿ ಅರ್ಧ ಕ್ವಿಂಟಾಲು. ಹಾಗೆ ಯೋಚನೆ ಮಾಡಿದರೆ ಮೊಬೈಲಿನ ಗುಂಡಿ ಒತ್ತುವ ಬೆರಳು ಸ್ವಲ್ಪ ನಿಧಾನ ಆಗುತ್ತೆ.

ತೆರಿಗೆಯನ್ನೂ ನೋಡಿ. ಮಚ್ಚು, ಕುಡುಗೋಲು, ಕೊಡಲಿ, ಸವರುವ ಕತ್ತರಿ, ಇವಕ್ಕೆ ಜಿ.ಎಸ್.ಟಿ. ಇಲ್ಲ. ಕೈಯಲ್ಲಿ ಹಿಡಿಯುವ ಅದೇ ಆಯುಧದಲ್ಲಿ ಮೋಟಾರು ಕೂತ ತಕ್ಷಣ ಶೇಕಡ 18. ಆರು ಸಾವಿರದ ಗರಗಸದಲ್ಲಿ ಸುಮಾರು 915 ರೂಪಾಯಿ ತೆರಿಗೆಯೇ. ಕಾರ್ಖಾನೆಯವನು ಯಂತ್ರ ಕೊಂಡರೆ ಆ ತೆರಿಗೆಯನ್ನು ತಾನು ಕಟ್ಟಬೇಕಾದ್ದರಲ್ಲಿ ಕಳೆದುಕೊಳ್ತಾನೆ. ರೈತ ಯಾರ ಹತ್ತಿರ ಕಳೆದುಕೊಳ್ಳಬೇಕು? ಆಳು ಸಿಗೋದಿಲ್ಲ, ಯಂತ್ರ ಹಿಡಿಯಿರಿ ಅಂತ ಭಾಷಣ ಮಾಡುವವರು ಈ ಶೇಕಡ 18ರ ಬಗ್ಗೆ ಒಂದು ಮಾತು ಆಡಲಿ.

ಸಾಲ ಮಾಡಿ ಇದನ್ನು ಕೊಳ್ಳಬೇಡಿ. ನೂರಕ್ಕೆ ಮೂರರ ಬಡ್ಡಿಯಲ್ಲಿ ಆರು ಸಾವಿರ ತಂದರೆ ತಿಂಗಳಿಗೆ 180, ವರ್ಷಕ್ಕೆ 2,160 ರೂಪಾಯಿ ಬರೀ ಬಡ್ಡಿ. ಮೂರು ವರ್ಷಕ್ಕೆ ಬಡ್ಡಿಯೇ ಗರಗಸದ ಬೆಲೆ ದಾಟುತ್ತೆ, ಅಷ್ಟು ಹೊತ್ತಿಗೆ ಬ್ಯಾಟರಿ ಸತ್ತಿರುತ್ತೆ. ಟ್ರಾಕ್ಟರು ಸಾಲದಲ್ಲಿ ಹೊಲ ಹೋದ ಮನೆ ಎಷ್ಟು ನೋಡಿದ್ದೀವಿ. ಸಣ್ಣ ಸಾಮಾನಿನ ಸಣ್ಣ ಸಾಲ ಹೊಲ ಕಿತ್ತುಕೊಳ್ಳೋದಿಲ್ಲ, ಆದರೆ ಒಂದರ ಮೇಲೊಂದು ಕೂತು ಮುಂಗಾರಿನ ಬೀಜ ಗೊಬ್ಬರದ ದುಡ್ಡು ತಿನ್ನುತ್ತೆ.

ದಾರಿ ಏನು ಅಂದರೆ, ಒಂದು ಮನೆಗೆ ಈ ಗರಗಸದ ಕೆಲಸ ವರ್ಷಕ್ಕೆ ಎಂಟು ಹತ್ತು ದಿನ. ಉಳಿದ ದಿನ ಗೂಟಕ್ಕೆ ನೇತು ಹಾಕಿರೋದೇ. ಅದಕ್ಕೇ ಐದು ಮನೆ ಸೇರಿ ಕೊಳ್ಳಿ. ತಲೆಗೆ 1,200 ರೂಪಾಯಿ. ಇನ್ನೊಂದು ಬ್ಯಾಟರಿ ತೆಗೆದುಕೊಂಡರೆ ಒಂದು ಕೊಯ್ಯುತ್ತಾ ಇರುವಾಗ ಇನ್ನೊಂದು ಮನೆಯಲ್ಲಿ ತುಂಬುತ್ತಾ ಇರುತ್ತೆ. ಕೂಡಿ ಕೊಂಡ ಸಾಮಾನು ಯಾರದೂ ಅಲ್ಲದ ಸಾಮಾನು ಆಗೋದು ನಮ್ಮ ಊರುಗಳ ರೋಗ, ಅದು ನನಗೂ ಗೊತ್ತು. ಅದಕ್ಕೆ ಒಂದು ನೋಟುಪುಸ್ತಕ ಇಡಿ. ಯಾವ ದಿನ ಯಾರು ಒಯ್ದರು, ಚೈನು ಹೇಗಿತ್ತು, ತಂದಾಗ ಹೇಗಿದೆ. ಚೈನು ಕಲ್ಲಿಗೆ ತಾಗಿಸಿದವನೇ ಅರ ಹಾಕಿಸಿ ಕೊಡಬೇಕು. ಇಷ್ಟು ಮೊದಲೇ ಮಾತಾಡಿಕೊಂಡರೆ ಜಗಳ ಇಲ್ಲ.

ಬ್ಯಾಟರಿ ಸಾಯೋದು ದುಡಿಮೆಯಿಂದಲ್ಲ, ಅನಾದರದಿಂದ. ಪೂರ್ತಿ ಬರಿದಾದ ಬ್ಯಾಟರಿಯನ್ನು ನಾಲ್ಕು ತಿಂಗಳು ಅಟ್ಟದಲ್ಲಿ ಇಟ್ಟರೆ ಮತ್ತೆ ಏಳೋದಿಲ್ಲ. ಕೆಲಸ ಇಲ್ಲದ ಕಾಲದಲ್ಲಿ ಅರ್ಧ ತುಂಬಿಸಿ, ತಂಪಾದ ಕಡೆ ಇಡಿ. ಬಿಸಿಲಿನಲ್ಲಿ ನಿಂತ ಬೈಕಿನ ಪೆಟ್ಟಿಗೆಯಲ್ಲಿ ಬೇಡ. ಕೊಯ್ದು ಬಿಸಿಯಾದ ಬ್ಯಾಟರಿಯನ್ನು ಆರಿದ ಮೇಲೆ ಚಾರ್ಜಿಗೆ ಹಾಕಿ. ಹುಲ್ಲಿನ ಮೆದೆ ಹತ್ತಿರ, ರಾತ್ರಿ ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕಲೇಬೇಡಿ. ಅಗ್ಗದ ಚಾರ್ಜರು ತುಂಬಿದ ಮೇಲೆ ನಿಲ್ಲುತ್ತೆ ಅನ್ನುವ ಭರವಸೆ ಇಲ್ಲ, ಲಿಥಿಯಂ ಬೆಂಕಿ ಹತ್ತಿದರೆ ಒಂದು ಬಿಂದಿಗೆ ನೀರಿಗೆ ಆರೋದಿಲ್ಲ.

ಚೈನಿಗೆ ಎಣ್ಣೆ ಬೇಕು. ಅಗ್ಗದವುಗಳಲ್ಲಿ ಎಣ್ಣೆ ತಾನೇ ಬರೋದಿಲ್ಲ, ನಾವೇ ನಾಲ್ಕು ತೊಟ್ಟು ಬಿಡುತ್ತಾ ಇರಬೇಕು. ಮನೆಯ ಕೊಬ್ಬರಿ ಎಣ್ಣೆ ಆಗುತ್ತಾ ಅಂತ ಕೇಳ್ತಾರೆ. ಬೇಸಿಗೆಯಲ್ಲಿ ನಡೆಯುತ್ತೆ, ಆದರೆ ಅದು 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುವ ಎಣ್ಣೆ. ಮಾಗಿಯ ಬೆಳಗ್ಗೆ ಪಟ್ಟಿಯ ಸಂದಿಯಲ್ಲಿ ಹೆಪ್ಪುಗಟ್ಟುತ್ತೆ. ಟ್ರಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್ ಮಾತ್ರ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತೆ, ಗಿಡಕ್ಕೂ ಮಣ್ಣಿಗೂ ಕೆಟ್ಟದ್ದು. ಹೊಸ ಚೈನು ಮೊದಲ ದಿನವೇ ಹಿಗ್ಗುತ್ತೆ. ನಾಲ್ಕಾರು ಕೊಂಬೆ ಕೊಯ್ದ ಮೇಲೆ ಬ್ಯಾಟರಿ ಬಿಚ್ಚಿ, ಚೈನನ್ನು ಎಳೆದು ನೋಡಿ ಬಿಗಿ ಮಾಡಿ. ಹೊಟ್ಟಿನ ಬದಲು ಹುಡಿ ಬರೋಕೆ ಶುರುವಾದರೆ ಹಲ್ಲು ಮೊಂಡಾಗಿದೆ ಅಂತ ಅರ್ಥ. ಒತ್ತಿ ಕೊಯ್ಯಬೇಡಿ, ಅರ ಹಾಕಿ.

ಇನ್ನು ಕೈ ಉಳಿಸಿಕೊಳ್ಳುವ ಮಾತು. ಪೆಟ್ರೋಲ್ ಗರಗಸ ಕಂಡರೆ ಎಲ್ಲರಿಗೂ ಹೆದರಿಕೆ, ಇದು ಆಟದ ಸಾಮಾನಿನ ಹಾಗೆ ಕಾಣೋದರಿಂದ ಹೆದರಿಕೆ ಇಲ್ಲ. ಅಪಾಯ ಅಲ್ಲೇ ಇರೋದು. ಬಲಗೈಯಲ್ಲಿ ಗರಗಸ, ಎಡಗೈಯಲ್ಲಿ ಕೊಂಬೆ, ಮಚ್ಚಿನ ಅಭ್ಯಾಸ ನಮಗೆ ಹಾಗೇ ಆಗಿದೆ. ಈ ಗರಗಸಕ್ಕೆ ಆ ಅಭ್ಯಾಸ ಬಿಡಲೇಬೇಕು. ಕೊಯ್ಯುವ ಕೊಂಬೆಯನ್ನು ಎಡಗೈ ಮುಟ್ಟಬಾರದು, ಎರಡೂ ಕೈ ಗರಗಸದ ಮೇಲೆಯೇ ಇರಲಿ. ಪಟ್ಟಿಯ ತುದಿ ಇನ್ನೊಂದು ಕೊಂಬೆಗೆ ತಗುಲಿದರೆ ಗರಗಸ ಮುಖದ ಕಡೆಗೆ ಎಗರುತ್ತೆ, ಅದಕ್ಕೇ ತುದಿಯಿಂದ ಕೊಯ್ಯಬಾರದು, ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯಬಾರದು. ಹೆಗಲ ಮೇಲಿನ ಟವೆಲ್ಲು, ಎತ್ತಿ ಕಟ್ಟದ ಪಂಚೆ, ಸೀರೆಯ ಸೆರಗು, ಯಾವುದನ್ನಾದರೂ ಚೈನು ಎಳೆದುಕೊಳ್ಳುತ್ತೆ. ಕಣ್ಣಿಗೆ ಕನ್ನಡಕ ಹಾಕಿ. ಚೈನಿಗೆ ಕೈ ಹಾಕುವ ಮುಂಚೆ ಬ್ಯಾಟರಿ ಕೈಯಲ್ಲಿ ಬಿಚ್ಚಿ ಹಿಡಿದಿರಬೇಕು. ಏಣಿ ಮೇಲೆ ನಿಂತು ಕೊಯ್ಯೋದಾದರೆ ಈ ಯಂತ್ರ ಕೊಂಡ ಉದ್ದೇಶವೇ ಹೋಯಿತು. ಎತ್ತರದ್ದಕ್ಕೆ ದೋಟಿಯೇ ಸರಿ.

ಎಂಥ ಕೊಂಬೆ, ಯಾವಾಗ? ನಾಲ್ಕು ಇಂಚಿನ ಪಟ್ಟಿಗೆ ಮೂರು ಇಂಚಿನ ಕೊಂಬೆವರೆಗೆ ನೆಮ್ಮದಿ. ದಪ್ಪನೆಯ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅರ್ಧಕ್ಕೆ ಬರುವ ಹೊತ್ತಿಗೆ ಭಾರಕ್ಕೆ ಮುರಿದು ಬೊಡ್ಡೆಯ ತೊಗಟೆಯನ್ನೂ ಸುಲಿದುಕೊಂಡು ಬೀಳುತ್ತೆ. ಹಾಗಾಗಿ ಬೊಡ್ಡೆಯಿಂದ ಒಂದು ಅಡಿ ಆಚೆ ಕೆಳಗಿನಿಂದ ಸ್ವಲ್ಪ ಕಚ್ಚು ಹಾಕಿ, ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಆಮೇಲೆ ಉಳಿದ ಮೋಟು ತೆಗೆಯಿರಿ. ಕೊಂಬೆ ಹುಟ್ಟುವ ಕಡೆ ಒಂದು ಉಬ್ಬು ಇರುತ್ತೆ, ಆ ಉಬ್ಬನ್ನು ಮುಟ್ಟದೆ ಅದರ ಆಚೆಗೆ ಕೊಯ್ಯಬೇಕು. ಮರ ಗಾಯ ಮುಚ್ಚಿಕೊಳ್ಳೋದು ಆ ಉಬ್ಬಿನಿಂದ. ಬೊಡ್ಡೆಗೆ ಸಮನಾಗಿ ಸವರಿದರೆ ನೋಡೋಕೆ ಚಂದ, ಒಳಗೆ ಕೊಳೆ. ಮಾವಿನ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಹತ್ತು ಲೀಟರ್ ನೀರು. ಸಣ್ಣ ತೋಟಕ್ಕೆ ಅದೇ ಪ್ರಮಾಣದಲ್ಲಿ ಕಮ್ಮಿ ಮಾಡಿಕೊಳ್ಳಿ.

ಮಾವು ಹಣ್ಣು ಬಿಡೋದು ಬಲಿತ ಚಿಗುರಿನ ತುದಿಯಲ್ಲಿ. ಅದಕ್ಕೆ ಕೊಯ್ಲು ಮುಗಿದ ಕೂಡಲೇ ಸವರಬೇಕು, ಆಗಸ್ಟ್ ದಾಟಿಸಬೇಡಿ. ದೀಪಾವಳಿ ಹತ್ತಿರ ಬಿಡುವಾಯಿತು ಅಂತ ಗರಗಸ ಹಿಡಿದರೆ ಆ ವರ್ಷದ ಹೂವನ್ನೇ ಕೊಯ್ದ ಹಾಗೆ. ಹಲಸು ಹಾಗಲ್ಲ, ಕಾಯಿ ಬಿಡೋದು ಬೊಡ್ಡೆಯಲ್ಲಿ, ದಪ್ಪ ಕೊಂಬೆಯಲ್ಲಿ. ಚೇಳೂರು ಕಡೆಯವರಿಗೆ ಹಲಸಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಹೆಸರಘಟ್ಟದ ಸಂಶೋಧನಾ ಸಂಸ್ಥೆಯವರು ಗುರುತಿಸಿದ ಕೆಂಪು ತೊಳೆಯ ‘ಸಿದ್ದು’ ಹಲಸು ಅಲ್ಲಿಯ ಮರವೇ. ನಡುವಿನ ಒಣಕಲು, ಒಂದರ ಮೇಲೊಂದು ಹೊರಳಿದ ಕೊಂಬೆ ತೆಗೆದು ಬೊಡ್ಡೆಗೆ ಬೆಳಕು ಬೀಳುವಂತೆ ಮಾಡಿದರೆ ಸಾಕು. ಹಲಸಿನ ಮೇಣ ಚೈನಿಗೆ ಅಂಟಿಕೊಳ್ಳುತ್ತೆ, ಅದೇ ದಿನ ಎಣ್ಣೆ ಬಟ್ಟೆಯಲ್ಲಿ ಒರೆಸಿ.

ಕುಣಿಗಲ್ ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ನಿಜವಾಗಿ ಉಪಯೋಗ. ಹಿಪ್ಪುನೇರಳೆಯನ್ನು ಬುಡದಿಂದ ಅರ್ಧ ಅಡಿಗೆ ಸವರುವಾಗ ಮಚ್ಚಿನ ಏಟಿಗೆ ಕಡ್ಡಿ ಸೀಳಿ ತೊಗಟೆ ಬಿಡುತ್ತೆ, ಗರಗಸದಲ್ಲಿ ನುಣುಪಾಗಿ ಬರುತ್ತೆ. ನೆಲಕ್ಕೆ ಹತ್ತಿರ ಕೊಯ್ಯುವಾಗ ಚೈನು ಮಣ್ಣು ಮುಟ್ಟದಂತೆ ನೋಡಿ, ಒಂದು ಸಲ ಮಣ್ಣು ತಾಗಿದರೂ ಹಲ್ಲು ಹೋಯಿತು. ಎಣ್ಣೆ ಸಿಡಿದ ಎಲೆಯನ್ನು ಹುಳುವಿಗೆ ಹಾಕಬೇಡಿ.

ತೆಂಗಿಗೆ ಮಾತ್ರ ಈ ಗರಗಸ ಹಿಡಿಯಬೇಡಿ. ನಾರು ಚೈನಿಗೆ ಸುತ್ತಿಕೊಂಡು ನಿಲ್ಲುತ್ತೆ ಅನ್ನೋದು ಒಂದು. ಅದಕ್ಕಿಂತ ದೊಡ್ಡದು, ಸುಲಭವಾಗಿ ಕೊಯ್ಯುತ್ತೆ ಅಂತ ಹಸಿರು ಗರಿಯನ್ನೂ ಬುಡಕ್ಕೆ ಸವರಿಬಿಡ್ತೀವಿ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತೆ, ಮರದ ಸುಳಿ ಬಾಗುವವರೆಗೆ ನಮಗೆ ಗೊತ್ತಾಗೋದಿಲ್ಲ. ಹಸಿರು ಗರಿ ತೆಗೆಯಲೇಬೇಕಾದರೆ ಬುಡದಿಂದ ಮೂರು ನಾಲ್ಕು ಅಡಿ ಬಿಟ್ಟು ತೆಗೆಯಿರಿ.

ಕೂಟದಲ್ಲಿ ಕೊನೆಗೆ ಎರಡು ಪ್ರಶ್ನೆ ಬಂದವು. ಗರಗಸ ಇದೆಯಲ್ಲ, ಬದುವಿನ ಮರವನ್ನೇ ತೆಗೆದುಬಿಡಬಹುದಾ ಅಂತ ಒಬ್ಬರು ಕೇಳಿದರು. ಮರ ಕಡಿಯೋದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ನಮ್ಮ ಹೊಲದ ಮರವಾದರೂ ಬಹಳ ಜಾತಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್, ನೀಲಗಿರಿ, ಗ್ಲಿರಿಸಿಡಿಯ ಇಂಥವಕ್ಕೆ ಬೇಡ. ಉಳಿದವಕ್ಕೆ ಕೇಳಿಯೇ ಕಡಿಯಿರಿ. ರಸ್ತೆ ಬದಿಯ ಮರದ ಕೊಂಬೆ ನಮ್ಮ ಹೊಲಕ್ಕೆ ಬಾಗಿದ್ದರೂ ಅದು ನಮ್ಮದಲ್ಲ.

ಇನ್ನೊಬ್ಬರದು ಕರೆಂಟು ತಂತಿಯ ಮೇಲೆ ಬಾಗಿದ ಹೊಂಗೆ ಕೊಂಬೆಯ ಪ್ರಶ್ನೆ. ಬ್ಯಾಟರಿ ಗರಗಸ, ವೈರಿಲ್ಲ, ಶಾಕ್ ಹೊಡೆಯೋದಿಲ್ಲ ಅಂತ ಅವರ ಅಂದಾಜು. ಹಸಿ ಕೊಂಬೆಯಲ್ಲಿ ನೀರಿದೆ, ತಂತಿ ಮುಟ್ಟಿದ ಕೊಂಬೆಯಲ್ಲಿ ಕರೆಂಟು ಇಳಿಯುತ್ತೆ, ಗರಗಸ ಯಾವುದಾದರೇನು? ಕರೆಂಟು ಹೋಗಿರುವಾಗ ಕೊಯ್ತೀನಿ ಅನ್ನೋದೂ ಬೇಡ, ಯಾವ ಗಳಿಗೆಯಲ್ಲಿ ಬರುತ್ತೋ ಯಾರಿಗೂ ಗೊತ್ತಿಲ್ಲ. ಬೆಸ್ಕಾಂನವರಿಗೆ 1912ಕ್ಕೆ ಫೋನು ಮಾಡಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಲೈನ್‌ಮನ್ ಬಂದು ಲೈನು ತೆಗೆದು ಅವರೇ ಕೊಯ್ಯಲಿ. ಎರಡು ದಿನ ತಡ ಆದರೆ ಆಗಲಿ, ಮತ್ತೆ ಫೋನು ಮಾಡಿ.